ಹಸಿವು ಪಥ್ಯವಲ್ಲ

ನಮ್ಮ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ ಎದುರಾದವರನ್ನು ಮೊದಲು ಕೇಳುವ ಮಾತು 'ಉಂಡ್ರಾ?' ಎಂಬುದು. ಮಳೆ ಬೆಳೆ, ಮಕ್ಕಳು ಮರಿ ಎಲ್ಲ ಆಮೇಲೆ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಕಾಣುವ ತಾಲ್ಲೂಕುಗಳ ಸಾಲಿನಲ್ಲಿ ಇವೆರಡೂ ಇವೆ. ಬರವನ್ನು ಮೇಲಿಂದ ಮೇಲೆ ಕಂಡ ಜನಕ್ಕೆ ಉಣ್ಣುವುದೆಂದರೆ ಏನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಈಚೀಚೆಗೆ ಆ ಪ್ರಶ್ನೆಗೆ ಹೊಸ ಉತ್ತರವೊಂದು ಬರತೊಡಗಿದೆ: 'ಇಲ್ಲ, ನಾನು ಡಯಟ್ ಮಾಡ್ತಿದೀನಿ.' ಹಾಗೆನ್ನುವವರ ಮುಖದಲ್ಲಿ ನಿರ್ಜಲ ಏಕಾದಶಿ ಮಾಡಿದವರ ಹೆಮ್ಮೆ ಇರುತ್ತದೆ.

ಆ ಹೆಮ್ಮೆಯ ಮೇಲೆ ನನಗೆ ಜಗಳವಿದೆ. ಗೋಧಿ ಬಿಡಬೇಕಾದವರು ಬಿಡಲಿ. ಮೈ ಇಳಿಸಬೇಕಾದವರು ಇಳಿಸಲಿ. ಎರಡನ್ನೂ ಒಟ್ಟಿಗೆ ಮಾಡಬೇಕಾದ ಪಾಡು ಬಂದವರೂ ಇದ್ದಾರೆ, ಅವರೂ ಮಾಡಲಿ. ಆದರೆ ಅದಕ್ಕಾಗಿ ಅರೆಹೊಟ್ಟೆಯಲ್ಲಿ ಇರಬೇಕು, ಹಸಿವೆಯೇ ಔಷಧಿ ಎಂಬ ಪಾಠವನ್ನು ನಾನು ಒಪ್ಪುವುದಿಲ್ಲ. ಅದು ಸುಳ್ಳು ಪಾಠ. ಅದನ್ನು ಹೇಳಿಕೊಡುವವರು ದುಡ್ಡು ಮಾಡುತ್ತಿದ್ದಾರೆ, ಕಲಿಯುವವರು ಮೈ ಕೆಡಿಸಿಕೊಳ್ಳುತ್ತಿದ್ದಾರೆ.

ಗ್ಲುಟೆನ್ ಎಂದರೇನು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಆ ಹೆಸರು ಹೇಳಿ ಮಾರುವವರು ಇದನ್ನು ಹೇಳುವುದಿಲ್ಲ. ಚಪಾತಿ ಹಿಟ್ಟನ್ನು ನಾದಿ ಉಂಡೆ ಮಾಡಿ, ನೀರಿನಲ್ಲಿ ಹಿಸುಕಿ ಹಿಸುಕಿ ತೊಳೆಯಿರಿ. ಬಿಳಿಯ ಗಂಜಿಯೆಲ್ಲ ನೀರಿಗೆ ಹೋಗಿ, ಕೈಯಲ್ಲಿ ರಬ್ಬರಿನಂತೆ ಎಳೆದರೆ ಹಿಗ್ಗುವ ಒಂದು ಚೂರು ಉಳಿಯುತ್ತದೆ. ಅದೇ ಗ್ಲುಟೆನ್. ಹೋಳಿಗೆಯ ಕಣಕ ಹರಿಯದೆ ಹಿಗ್ಗುವುದು, ಪರೋಟ ಪದರ ಪದರವಾಗಿ ಬಿಚ್ಚುವುದು ಇದರಿಂದ. ಇದು ಇರುವುದು ಗೋಧಿ, ಬಾರ್ಲಿ, ರೈ ಎಂಬ ಧಾನ್ಯಗಳಲ್ಲಿ. ರಾಗಿ, ಜೋಳ, ಸಜ್ಜೆ, ನವಣೆ, ಸಾಮೆ, ಹಾರಕ, ಊದಲು, ಕೊರಲೆ, ಅಕ್ಕಿ, ಮೆಕ್ಕೆಜೋಳ ಇವು ಯಾವುದರಲ್ಲೂ ಇಲ್ಲ. ರೊಟ್ಟಿ ತಟ್ಟುವಾಗ ಅಂಚು ಬಿರಿಯುವುದನ್ನು ಕಂಡ ಹೆಣ್ಣುಮಕ್ಕಳಿಗೆ ಇದನ್ನು ಪ್ರಯೋಗಶಾಲೆಯಲ್ಲಿ ತೋರಿಸಬೇಕಾದ್ದಿಲ್ಲ.

ಬಹುಪಾಲು ಜನರಿಗೆ ಗ್ಲುಟೆನ್‌ನಿಂದ ಏನೂ ಕೇಡಿಲ್ಲ. ಸೀಲಿಯಾಕ್ ಎಂಬ ಕಾಯಿಲೆ ಇದ್ದವರಿಗೆ ಮಾತ್ರ ಅದು ವೈರಿ. ಅವರು ಗೋಧಿ ತಿಂದರೆ ದೇಹದ ರಕ್ಷಣಾಶಕ್ತಿಯೇ ತಿರುಗಿಬಿದ್ದು ಸಣ್ಣ ಕರುಳಿನ ಒಳಪದರವನ್ನು ಸವೆಸುತ್ತದೆ. ಉಂಡದ್ದು ಮೈಗೆ ಹತ್ತುವುದಿಲ್ಲ. ಕೆಲವರಿಗೆ ಭೇದಿ, ಹೊಟ್ಟೆಯುಬ್ಬರ. ಕೆಲವರಿಗೆ ಎಷ್ಟು ಮಾತ್ರೆ ನುಂಗಿದರೂ ಏರದ ರಕ್ತ. ಇದಕ್ಕಿರುವ ಚಿಕಿತ್ಸೆ ಒಂದೇ, ಜೀವಮಾನವಿಡೀ ಗೋಧಿ ಮತ್ತು ಅದರ ಬಳಗವನ್ನು ಪೂರ್ತಿ ಬಿಡುವುದು.

ಇದನ್ನು ಜಗತ್ತಿಗೆ ತೋರಿಸಿಕೊಟ್ಟವನು ವಿಲ್ಲೆಮ್ ಡಿಕ್ಕೆ ಎಂಬ ಡಚ್ ಮಕ್ಕಳ ವೈದ್ಯ. 1944-45ರ ಚಳಿಗಾಲದಲ್ಲಿ, ಯುದ್ಧದ ನಡುವೆ ಹಾಲೆಂಡಿನಲ್ಲಿ ಘೋರ ಕ್ಷಾಮ ಬಿತ್ತು. ಜನ ಟ್ಯೂಲಿಪ್ ಹೂವಿನ ಗಡ್ಡೆಯನ್ನು ಬೇಯಿಸಿ ತಿಂದರು. ಊರೆಲ್ಲ ಸೊರಗುತ್ತಿದ್ದಾಗ ಸೀಲಿಯಾಕ್ ಇದ್ದ ಮಕ್ಕಳು ಮಾತ್ರ ಚೇತರಿಸಿಕೊಂಡವು. ಬ್ರೆಡ್ಡು ಮತ್ತೆ ಸಿಕ್ಕತೊಡಗಿದ ಮೇಲೆ ಪುನಃ ಮಲಗಿದವು. ಗೋಧಿಯ ಮೇಲೆ ಅವನಿಗೆ ಮೊದಲೇ ಇದ್ದ ಗುಮಾನಿ ಗಟ್ಟಿಯಾಯಿತು, 1950ರಲ್ಲಿ ಅದನ್ನು ಪ್ರೌಢಪ್ರಬಂಧವಾಗಿ ಬರೆದ. ಈ ಕಥೆಯಲ್ಲಿ ಒಂದು ಮಾತನ್ನು ನೆನಪಿಡಬೇಕು. ಆ ಮಕ್ಕಳನ್ನು ಎತ್ತಿ ನಿಲ್ಲಿಸಿದ್ದು ಗೋಧಿ ಇಲ್ಲದ್ದು, ಹಸಿವಲ್ಲ. ಎಂಬತ್ತು ವರ್ಷವಾದರೂ ನಮ್ಮ ಜನ ಇವೆರಡನ್ನೂ ಒಂದೇ ಗಂಟಿಗೆ ಕಟ್ಟುತ್ತಿದ್ದಾರೆ.

ನಮ್ಮ ದೇಶದಲ್ಲಿ ಇಪ್ಪತ್ತಮೂರು ಸಾವಿರಕ್ಕೂ ಮಿಕ್ಕ ವಯಸ್ಕರನ್ನು ಪರೀಕ್ಷಿಸಿದ ಒಂದು ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಉತ್ತರದಲ್ಲಿ ನೂರಕ್ಕೆ 1.23 ಮಂದಿಗೆ ಈ ಕಾಯಿಲೆ, ದಕ್ಷಿಣದಲ್ಲಿ 0.10. ಉತ್ತರದವರು ದಿನಕ್ಕೆ ತಿನ್ನುತ್ತಿದ್ದ ಗೋಧಿ ಸರಾಸರಿ 455 ಗ್ರಾಂ, ದಕ್ಷಿಣದವರು 25 ಗ್ರಾಂ. ನಮ್ಮ ಕಡೆ ಸಾವಿರಕ್ಕೆ ಒಬ್ಬರು ಅಂದ ಹಾಗಾಯಿತು. ಕಡಿಮೆ ಎನ್ನಬೇಡಿ. ಅದೇ ಲೆಕ್ಕ ಹಿಡಿದರೆ ನಮ್ಮ ಎರಡು ತಾಲ್ಲೂಕುಗಳಲ್ಲೇ ಕೆಲವು ನೂರು ಜನ ಇರಬೇಕು.

ಅಂಥವರಲ್ಲಿ ನನ್ನ ತಂಗಿಯ ಮಗಳೂ ಒಬ್ಬಳು. ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುವ ಮನೆಗೆ ಕೊಟ್ಟಿದ್ದೇವೆ. ಗಂಡ ಹೆಂಡತಿ ಇಬ್ಬರೂ ಗುಂಡಿಮಗ್ಗಕ್ಕೆ ಇಳಿಯುತ್ತಾರೆ. ಮಗ್ಗವೆಂದರೆ ಕೂತು ಮಾಡುವ ಕೆಲಸ ಎಂದು ದೂರದವರು ತಿಳಿಯುತ್ತಾರೆ. ಕಾಲು ತುಳಿಯುತ್ತಿರಬೇಕು, ಕೈ ಲಾಳಿ ಹೊಡೆಯುತ್ತಿರಬೇಕು, ಕಣ್ಣು ಅಂಚಿನ ಮೇಲಿರಬೇಕು. ವರ್ಷಗಟ್ಟಲೆ ರಕ್ತ ಕಡಿಮೆ ಎಂದು ಮಾತ್ರೆ ತಿಂದವಳಿಗೆ ಕೊನೆಗೆ ಕಾಯಿಲೆ ಗೊತ್ತಾಯಿತು. ಗೋಧಿ ಬಿಟ್ಟಳು. ಕರುಳು ಮಾಯಿತು, ಉಂಡದ್ದು ಮೈಗೆ ಹತ್ತಿತು, ಎರಡು ವರ್ಷದಲ್ಲಿ ಹನ್ನೊಂದು ಕೆಜಿ ಏರಿದಳು. ಬರಿಯ ಬಿಳಿ ಅನ್ನ ಮತ್ತು 'ಗ್ಲುಟೆನ್ ರಹಿತ' ಎಂದು ಬರೆದ ಬಿಸ್ಕತ್ತುಗಳೂ ಅದಕ್ಕೆ ಸೇರಿದವು. ಸೊರಗಿದ್ದಾಗ 'ಏನವ್ವಾ ಹಿಂಗಾಗಿದ್ದೀಯಾ' ಎಂದವರೇ ಈಗ 'ಬಲು ದಪ್ಪಗಾದೆ' ಎಂದರು. ಒಬ್ಬರು ಪೇಟೆಯ ತೂಕ ಇಳಿಸುವ ಕೇಂದ್ರವೊಂದಕ್ಕೆ ಕರೆದೊಯ್ದರು.

ಆ ಕೇಂದ್ರದವರು ಕೊಟ್ಟ ಚೀಟಿಯನ್ನು ನಾನು ನೋಡಿದ್ದೇನೆ. ಅಚ್ಚು ಹಾಕಿಸಿದ ಚೀಟಿ, ಎಲ್ಲರಿಗೂ ಅದೇ. ಬೆಳಿಗ್ಗೆ ಓಟ್ಸ್, ಮಧ್ಯಾಹ್ನ ಒಂದು ಚಪಾತಿ, ರಾತ್ರಿ ಒಂದು ಚಪಾತಿ, ನಡುವೆ ಸೌತೆಕಾಯಿ, ಮಜ್ಜಿಗೆ, ಸೀಬೆಹಣ್ಣು, ತರಕಾರಿ ಸಾರು, ಹಿಡಿ ಅನ್ನ. ತನಗೆ ಗೋಧಿ ಆಗದು ಎಂದು ಇವಳು ಹೇಳಿದಳು. ಅವರು ಪೆನ್ನು ತೆಗೆದು ಓಟ್ಸಿಗೂ ಚಪಾತಿಗಳಿಗೂ ಗೀಟು ಎಳೆದರು. ಗೀಟಿನ ಜಾಗದಲ್ಲಿ ಏನನ್ನೂ ಬರೆಯಲಿಲ್ಲ! ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವನು, ಕೂಡಿಸುವುದು ಕಳೆಯುವುದು ಬರುತ್ತದೆ. ಉಳಿದದ್ದನ್ನು ಕೂಡಿಸಿದೆ. ದಿನಕ್ಕೆ ಒಂಬೈನೂರು ಕ್ಯಾಲರಿ ಮುಟ್ಟಲಿಲ್ಲ.

ಈ ಸಂಖ್ಯೆಯನ್ನು ನಮ್ಮ ಸೀಮೆಯ ಚರಿತ್ರೆಯ ಪಕ್ಕದಲ್ಲಿ ಇಟ್ಟು ನೋಡೋಣ. 1876-78ರ ಧಾತು, ಈಶ್ವರ ಸಂವತ್ಸರಗಳ ಬರದಲ್ಲಿ ಮೈಸೂರು ಸಂಸ್ಥಾನ ಸುಮಾರು ಹತ್ತು ಲಕ್ಷ ಜನರನ್ನು ಕಳೆದುಕೊಂಡಿತು. ಮೊಳಕಾಲ್ಮೂರಿನ ಗಡಿ ದಾಟಿದರೆ ಆಗ ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆ, ಅಲ್ಲೂ ಅದೇ ಗೋಳು. 1877ರಲ್ಲಿ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ಮದರಾಸಿಗೆ ಬಂದು, ಬರದ ಕಾಮಗಾರಿಯಲ್ಲಿ ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯದ ಕೂಲಿ ಸಾಕು, ಮೇಲೆ ಒಂದಿಷ್ಟು ಚಿಲ್ಲರೆ ಕಾಸು ಎಂದು ಗೊತ್ತುಮಾಡಿದ. ಪ್ರಾಂತದ ಆರೋಗ್ಯಾಧಿಕಾರಿ ಕಾರ್ನಿಷ್ ಇದು ಉಪವಾಸದ ಕೂಲಿ ಎಂದು ಜಗಳಕ್ಕೇ ನಿಂತ. 'ಟೆಂಪಲ್ ಕೂಲಿ' ಎಂಬುದು ಚರಿತ್ರೆಯಲ್ಲಿ ಬೈಗುಳವಾಗಿಯೇ ಉಳಿಯಿತು. ಒಂದು ಪೌಂಡು ಎಂದರೆ ಸುಮಾರು 450 ಗ್ರಾಂ, ಸುಮಾರು 1500 ಕ್ಯಾಲರಿ. ಗಂಡಾಳಿನ ಕೂಲಿ, ಕಲ್ಲು ಮಣ್ಣು ಹೊರುವ ಕೆಲಸ, ಹೋಲಿಕೆ ಪೂರ್ತಿ ಸರಿಯಲ್ಲ, ನನಗೂ ಗೊತ್ತು. ಆದರೂ ಕ್ಷಾಮಕಾಲದ ಅತಿ ಜಿಪುಣ ಅಧಿಕಾರಿ ಕೊಟ್ಟದ್ದಕ್ಕಿಂತ ಎಷ್ಟೋ ಕಡಿಮೆಯನ್ನು ಇಂದು ನಾವು ಫೀಸು ಕೊಟ್ಟು ಬರೆಸಿಕೊಂಡು ಬರುತ್ತೇವಲ್ಲ, ಇದಕ್ಕೆ ಏನನ್ನೋಣ?

ನಾಲ್ಕು ತಿಂಗಳಲ್ಲಿ ಹುಡುಗಿ ಎಂಟು ಕೆಜಿ ಇಳಿದಳು. ತಲೆಗೂದಲು ಉದುರಿತು. ಮಗ್ಗದ ಗುಂಡಿಯಿಂದ ಏಳುವಾಗ ಕಣ್ಣು ಕತ್ತಲೆ ಬಂದು ಕಂಬ ಹಿಡಿದು ನಿಲ್ಲುವಂತಾಯಿತು. ಹಗಲೆಲ್ಲ ತಡೆದುಕೊಂಡವಳು ರಾತ್ರಿ ಎದ್ದು ಅದೇ ಬಿಸ್ಕತ್ತಿನ ಪೊಟ್ಟಣ ಒಡೆಯುತ್ತಿದ್ದಳು. ಇಳಿದ ಎಂಟು ಕೆಜಿ ವರ್ಷದೊಳಗೆ ಮರಳಿತು. 'ಮಾವಾ, ನನ್ನ ಮನಸ್ಸೇ ಗಟ್ಟಿ ಇಲ್ಲ' ಎಂದು ಅತ್ತಳು. ಅವಳ ಮನಸ್ಸಿಗೆ ಏನೂ ಆಗಿರಲಿಲ್ಲ. 1944-45ರಲ್ಲಿ, ಹಾಲೆಂಡಿನಲ್ಲಿ ಕ್ಷಾಮವಿದ್ದ ಹೊತ್ತಿನಲ್ಲೇ, ಅಮೆರಿಕದ ಮಿನ್ನೆಸೋಟದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಮಂದಿ ಗಟ್ಟಿಮುಟ್ಟಾದ ತರುಣರನ್ನು ಅವರ ಒಪ್ಪಿಗೆಯಿಂದಲೇ 24 ವಾರ ಅರೆಹೊಟ್ಟೆಯಲ್ಲಿಟ್ಟು ನೋಡಿದ. ದಿನಕ್ಕೆ ಸುಮಾರು 1570 ಕ್ಯಾಲರಿ, ಜೊತೆಗೆ ನಡಿಗೆ. ಅವರು ತೂಕದ ನಾಲ್ಕನೆಯ ಒಂದು ಪಾಲು ಇಳಿದರು. ಅದರ ಜೊತೆಗೆ ಮಂಕಾದರು, ಸಿಡುಕರಾದರು, ಹಗಲೂ ಇರುಳೂ ಊಟದ್ದೇ ಧ್ಯಾನ. ಅಡುಗೆ ಪುಸ್ತಕ ಕೂಡಿಟ್ಟು ಓದತೊಡಗಿದವರೂ ಇದ್ದರು. ತತ್ತ್ವಕ್ಕಾಗಿ ಯುದ್ಧಕ್ಕೆ ಹೋಗಲೊಲ್ಲೆ ಎಂದು ನಿಂತ ಗಟ್ಟಿ ಮನಸ್ಸಿನ ಹುಡುಗರು ಅವರು. ಹಸಿದ ದೇಹ ಅನ್ನವನ್ನು ಹುಡುಕುತ್ತದೆ. ಅದಕ್ಕೆ ದೌರ್ಬಲ್ಯ ಎಂದು ಹೆಸರಿಡುವುದು ಅನ್ಯಾಯ.

'ಹಾಗಾದರೆ ಉಂಡುಕೊಂಡೇ ಇಳಿಯುವುದು ಹೇಗೆ ಸ್ವಾಮಿ?' ಎನ್ನುತ್ತೀರಿ. ಲೆಕ್ಕ ಹಾಕೋಣ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಕೊಟ್ಟ ಅಂದಾಜಿನ ಪ್ರಕಾರ 55 ಕೆಜಿ ತೂಕದ, ಕೂತು ಕೆಲಸ ಮಾಡುವ ಹೆಂಗಸಿಗೆ ದಿನಕ್ಕೆ 1660 ಕ್ಯಾಲರಿ ಬೇಕು, ಮಧ್ಯಮ ದುಡಿಮೆಯವಳಿಗೆ 2130. ನಮ್ಮ ಮಗ್ಗದ ಹೆಣ್ಣುಮಗಳು, ಹೊಲಕ್ಕೆ ಹೋಗುವವಳು ಎರಡನೆಯ ಸಾಲಿಗೆ ಸೇರುತ್ತಾರೆ. ಅದರಲ್ಲಿ ದಿನಕ್ಕೆ ಐನೂರು ಕಡಿಮೆ ಮಾಡಿದರೆ ತಿಂಗಳಿಗೆ ಒಂದೂವರೆ, ಎರಡು ಕೆಜಿ ಇಳಿಯುತ್ತದೆ. ನಿಧಾನ, ಆದರೆ ಅಷ್ಟೇ ಸಾಕು. ಉಳಿದ ಸಾವಿರದ ಆರುನೂರರಲ್ಲಿ ಏನೇನು ಉಣ್ಣಬಹುದು ನೋಡಿ.

ಬೆಳಿಗ್ಗೆ 75 ಗ್ರಾಂ ನವಣೆಯ ಉಪ್ಪಿಟ್ಟು, ತುಂಬ ತರಕಾರಿ ಹಾಕಿ. ಮಧ್ಯಾಹ್ನ ನೂರು ಗ್ರಾಂ ರಾಗಿಹಿಟ್ಟಿನ ಮುದ್ದೆ, ಅದಕ್ಕೆ ಐವತ್ತು ಗ್ರಾಂ ಹುರುಳಿಕಾಳಿನ ಸಾರು, ಬೆರಕೆ ಸೊಪ್ಪಿನ ಪಲ್ಯ, ಒಂದು ಬಟ್ಟಲು ಮೊಸರು. ಸಂಜೆಗೆ ಒಂದು ಹಿಡಿ ಹುರಿದ ಶೇಂಗಾ. ರಾತ್ರಿ 75 ಗ್ರಾಂ ಸಾಮೆ ಅನ್ನ ಅಥವಾ ಅಷ್ಟೇ ಹಿಟ್ಟಿನ ಜೋಳದ ರೊಟ್ಟಿ, ತಿನ್ನುವವರಾದರೆ ಎರಡು ಮೊಟ್ಟೆ, ಇಲ್ಲವಾದರೆ ಒಂದು ಬಟ್ಟಲು ಹೆಸರುಕಾಳು. ದಿನಕ್ಕೆ ಮೂರು ಚಮಚ ಎಣ್ಣೆ. ಇದಿಷ್ಟನ್ನು ಕೂಡಿಸಿದರೆ ಸುಮಾರು 1600 ಕ್ಯಾಲರಿ, ಐವತ್ತೈದು ಗ್ರಾಂನಷ್ಟು ಪ್ರೋಟೀನು. ಆ ಒಂದು ಮುದ್ದೆಯಲ್ಲೇ ಮುನ್ನೂರು ಮಿಲಿಗ್ರಾಂಗೂ ಹೆಚ್ಚು ಸುಣ್ಣದಂಶ. ಇದರಲ್ಲಿ ಗೋಧಿಯ ಒಂದು ಕಣವಿಲ್ಲ. ಇಷ್ಟು ಉಂಡವಳು ರಾತ್ರಿ ಎದ್ದು ಡಬ್ಬಿ ಹುಡುಕುವುದಿಲ್ಲ. ಎತ್ತರ, ತೂಕ, ಸಕ್ಕರೆ ಕಾಯಿಲೆ ನೋಡಿ ವೈದ್ಯರು ಇದನ್ನು ಹೆಚ್ಚು ಕಡಿಮೆ ಮಾಡಲಿ, ಆದರೆ ಚೀಟಿ ಹೀಗೆ ತುಂಬಿರಬೇಕು.

ಕಡಿಮೆ ಮಾಡಬೇಕಾದ್ದು ಬೇರೆಯೇ ಇದೆ. ಚಳ್ಳಕೆರೆ ಎಣ್ಣೆ ಮಿಲ್ಲುಗಳ ಊರು, ನಮ್ಮ ಕೈಗೆ ಎಣ್ಣೆಯ ಲೆಕ್ಕವಿಲ್ಲ. ಒಂದು ದೊಡ್ಡ ಚಮಚ ಎಣ್ಣೆಯಲ್ಲಿ ನೂರ ಮೂವತ್ತು ಕ್ಯಾಲರಿ, ಅಂದರೆ ಅರ್ಧ ಮುದ್ದೆಗೆ ಸ್ವಲ್ಪವೇ ಕಡಿಮೆ. ಸಂಜೆಯ ಮಂಡಕ್ಕಿಯ ಜೊತೆಗಿನ ನಾಲ್ಕು ಮೆಣಸಿನಕಾಯಿ, ದಿನಕ್ಕೆ ಐದು ಸಲದ ಸಕ್ಕರೆ ಚಹಾ, ತಟ್ಟೆಯಲ್ಲಿ ಗೋಪುರವಾಗುವ ಬಿಳಿ ಅನ್ನ, ಇವನ್ನು ಮೊದಲು ಹಿಡಿಯಬೇಕು. ಅದನ್ನು ಬಿಟ್ಟು ಮುದ್ದೆಯನ್ನು ತಟ್ಟೆಯಿಂದ ಎತ್ತಿಡುವುದು ಕಳ್ಳನನ್ನು ಬಿಟ್ಟು ಸಾಕ್ಷಿಯನ್ನು ಕಟ್ಟಿಹಾಕಿದ ಹಾಗೆ.

ಇನ್ನೊಂದು ತಮಾಷೆ. ನಮ್ಮ ಕಡೆ ಗೋಧಿ ದಿನದ ಊಟಕ್ಕೆ ನುಗ್ಗಿದ್ದೇ ಪಥ್ಯದ ವೇಷದಲ್ಲಿ. 1956ರಲ್ಲಿ ಅಮೆರಿಕದ ಜೊತೆ ಪಿ.ಎಲ್. 480 ಒಪ್ಪಂದವಾಗಿ ಅಲ್ಲಿನ ಗೋಧಿ ಬಂತು. ಶಾಲೆಗಳಲ್ಲಿ ಕೇರ್ ಉಪ್ಪಿಟ್ಟು ತಿಂದ ನನ್ನ ವಾರಗೆಯವರಿಗೆ ಅದರ ವಾಸನೆ ಇಂದಿಗೂ ನೆನಪಿದೆ. ಆಮೇಲೆ ಸಕ್ಕರೆ ಕಾಯಿಲೆ ಬಂದವರಿಗೆಲ್ಲ 'ಅನ್ನ ಬಿಡಿ, ರಾತ್ರಿ ಎರಡು ಚಪಾತಿ ತಿನ್ನಿ' ಎಂಬ ಮಂತ್ರ ಸಿಕ್ಕಿತು. ಚಪಾತಿ ತಿನ್ನುವುದು ಅಂತಸ್ತಾಯಿತು, ಮುದ್ದೆ ಹಳ್ಳಿ ಗಮಾರರದ್ದಾಯಿತು. ಈಗ ಅದೇ ಪೇಟೆಯಿಂದ ಹೊಸ ಮಂತ್ರ: 'ಚಪಾತಿ ಬಿಡಿ, ಅದರಲ್ಲಿ ಗ್ಲುಟೆನ್ ಇದೆ.' ನಾವು ಅದನ್ನೂ ಜಪಿಸುತ್ತೇವೆ. ಕಾಯಿಲೆ ಇಲ್ಲದವರು ಗೋಧಿ ಬಿಟ್ಟ ಮಾತ್ರಕ್ಕೆ ತೆಳ್ಳಗಾಗುವುದಿಲ್ಲ. ನೂರು ಗ್ರಾಂ ಗೋಧಿಹಿಟ್ಟು, ರಾಗಿ, ನವಣೆ, ಅಕ್ಕಿ ಯಾವುದನ್ನೇ ತೂಗಿ, 320ರಿಂದ 360 ಕ್ಯಾಲರಿಯೊಳಗೇ ಎಲ್ಲ. ನಾರಿನಲ್ಲಿ, ಸತ್ವದಲ್ಲಿ ವ್ಯತ್ಯಾಸವಿದೆ, ಹೊಟ್ಟೆ ಎಷ್ಟು ಹೊತ್ತು ತುಂಬಿರುತ್ತದೆ ಎಂಬುದರಲ್ಲಿ ವ್ಯತ್ಯಾಸವಿದೆ. ಮಾಯಮಂತ್ರ ಯಾವುದರಲ್ಲೂ ಇಲ್ಲ. ಸಿರಿಧಾನ್ಯ ತಿಂದರೆ ಸಕಲ ರೋಗವೂ ಓಡುತ್ತದೆ ಎಂದು ವೇದಿಕೆಯ ಮೇಲೆ ಹೇಳುವವರೂ ನನ್ನ ಪಾಲಿಗೆ ಆ ಚೀಟಿಯ ಕೇಂದ್ರದವರ ದಾಯಾದಿಗಳೇ.

ಗೋಧಿ ಬಿಡುವ ಮೊದಲು ಪರೀಕ್ಷೆ ಮಾಡಿಸಿ ಎಂಬುದನ್ನು ಮಾತ್ರ ಒತ್ತಿ ಹೇಳುತ್ತೇನೆ. ಅನುಮಾನವಿದ್ದರೆ ಗೋಧಿ ತಿನ್ನುತ್ತಿರುವಾಗಲೇ ರಕ್ತಪರೀಕ್ಷೆ ಆಗಬೇಕು, ಬೇಕೆಂದರೆ ಕರುಳಿನ ಚೂರು ತೆಗೆದು ನೋಡಬೇಕು. ತಾವೇ ಬಿಟ್ಟು ಕೂತ ಮೇಲೆ ಹೋದರೆ, ಕಾಯಿಲೆ ಇದ್ದರೂ ಪರೀಕ್ಷೆಯಲ್ಲಿ ಕಾಣದೆ ಹೋಗಬಹುದು.

ಕಾಯಿಲೆ ಇದೆಯೆಂದು ಗೊತ್ತಾದವರಿಗೆ ಅರ್ಧಂಬರ್ಧ ಬಿಡುವುದು ನಡೆಯದು. ಅಂಗಡಿಯ ಇಂಗಿನ ಡಬ್ಬಿಯಲ್ಲಿ ಗೋಧಿಹಿಟ್ಟು ಬೆರೆಸಿರುವುದುಂಟು. 'ರಾಗಿ ಬಿಸ್ಕತ್ತು' ಎಂಬುದರಲ್ಲಿ ಬಹಳ ಸಲ ಮೈದಾವೇ ಹೆಚ್ಚು. ರಾಗಿ ಶಾವಿಗೆಯಲ್ಲೂ ಗೋಧಿ ಸೇರಿರಬಹುದು. ಬಹುಧಾನ್ಯದ ಹಿಟ್ಟಿನಲ್ಲಿ ಮೊದಲ ಧಾನ್ಯ ಗೋಧಿ. ಗ್ಲುಟೆನ್ ರಹಿತ ಎಂದು ಬರೆಯಬೇಕಾದರೆ ಕೆಜಿಗೆ 20 ಮಿಲಿಗ್ರಾಂ ಮೀರಕೂಡದೆಂದು ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮವಿದೆ, ಹಿಂದಿನ ಸಣ್ಣ ಅಕ್ಷರ ಓದಿ. ಇನ್ನು ಗಿರಣಿ. ಗೋಧಿ ಬೀಸಿದ ಕಲ್ಲಿನಲ್ಲೇ ರಾಗಿ ಬೀಸಿದರೆ ಗೋಧಿ ಬಂದೇ ಬರುತ್ತದೆ. ಕಾಳನ್ನು ತೊಳೆದು ಒಣಗಿಸಿ ಮನೆಯಲ್ಲೇ ಬೀಸುವುದು ಲೇಸು. ನನ್ನ ತಂಗಿ ಮಗಳಿಗಾಗಿ ಅಟ್ಟದ ಮೇಲಿದ್ದ ಬೀಸುವ ಕಲ್ಲನ್ನು ಇಳಿಸಿದಳು.

ಇಷ್ಟೆಲ್ಲ ಹೇಳಿದ ಮೇಲೆ ಹೊಟ್ಟೆಯುರಿಯುವ ಮಾತೊಂದಿದೆ. ಈ ತಟ್ಟೆಯನ್ನು ನಮಗೆ ಹೊರಗಿನವರು ಹೇಳಿಕೊಡಬೇಕಿತ್ತೆ? ಬಳ್ಳಾರಿಯ ಪಕ್ಕದ ಸಂಗನಕಲ್ಲಿನ ಬೂದಿದಿಬ್ಬಗಳ ಸೀಮೆಯಲ್ಲಿ ಅಗೆದವರಿಗೆ ಸುಟ್ಟ ಕಾಳುಗಳು ಸಿಕ್ಕಿವೆ. ಸುಮಾರು ನಾಲ್ಕು ಸಾವಿರ ವರ್ಷದ ಹಿಂದಿನ ಆ ದನಗಾಹಿಗಳ ಮುಖ್ಯ ಆಹಾರ ಹುರುಳಿ, ಹೆಸರು, ಕೊರಲೆ, ನವಣೆಯ ಜಾತಿಯ ಕಾಡುಧಾನ್ಯ. ಗೋಧಿ, ಬಾರ್ಲಿ ಆಗಲೂ ಒಂದಿಷ್ಟು ಇದ್ದವು, ಹೊರಗಿನಿಂದ ಬಂದವಾಗಿ. ನಾನು ಹುಡುಗನಾಗಿದ್ದಾಗಲೂ ನಮ್ಮ ಹೊಲಗಳಲ್ಲಿ ನವಣೆ, ಸಾಮೆ, ಹಾರಕ ಇದ್ದವು. ಆಮೇಲೆ ಶೇಂಗಾ ಹೊಲವನ್ನೆಲ್ಲ ಆವರಿಸಿತು. ಶೇಂಗಾ ದುಡ್ಡು ಕೊಟ್ಟಿತು, ನಮ್ಮಂಥವರನ್ನು ಓದಿಸಿತು, ಅದನ್ನು ಹಳಿಯಲಾರೆ. 2013ರಲ್ಲಿ ಅನ್ನಭಾಗ್ಯ ಬಂದಾಗ ಹಸಿದವನ ಮನೆಯಲ್ಲಿ ಒಲೆ ಉರಿಯಿತು, ಅದನ್ನೂ ಹಳಿಯಲಾರೆ. ಆದರೆ 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷವೆಂದು ಸಾರಿ, ನಗರದವರು ನವಣೆಯನ್ನು ಬಣ್ಣದ ಪೊಟ್ಟಣದಲ್ಲಿ ರೈತನಿಗೆ ಸಿಕ್ಕಿದ್ದರ ಹಲವು ಪಟ್ಟು ಬೆಲೆಗೆ ಕೊಳ್ಳುತ್ತಿದ್ದಾಗ, ನವಣೆ ಬೆಳೆದ ಸೀಮೆಯ ಹೆಣ್ಣುಮಗಳೊಬ್ಬಳು ಗೀಟು ಎಳೆದ ಚೀಟಿ ಹಿಡಿದು ಸೌತೆಕಾಯಿ ತಿನ್ನುತ್ತಿದ್ದಳು. ಇದು ನಾಚಿಕೆಗೇಡಲ್ಲವೆ?

ಆದ್ದರಿಂದ ನನ್ನ ಬೇಡಿಕೆಗಳನ್ನು ಬಾಯಿಬಿಟ್ಟೇ ಹೇಳುತ್ತೇನೆ. ನಮ್ಮ ನ್ಯಾಯಬೆಲೆ ಅಂಗಡಿಗಳಲ್ಲಿ ಅಕ್ಕಿಯ ಜೊತೆ ಇಲ್ಲಿಯ ರೈತರಿಂದಲೇ ಕೊಂಡ ನವಣೆ, ಸಾಮೆ, ಹುರುಳಿ ಸಿಗಬೇಕು. ಸೀಲಿಯಾಕ್‌ನ ರಕ್ತಪರೀಕ್ಷೆ ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ಆಗುವಂತಿರಬೇಕು, ಮಾತ್ರೆಗೆ ಬಗ್ಗದ ರಕ್ತಹೀನತೆ ಕಂಡಾಗ ವೈದ್ಯರಿಗೆ ಅದು ನೆನಪಾಗಬೇಕು. ಹಾಸ್ಟೆಲಿನಲ್ಲಿ, ಅಂಗನವಾಡಿಯಲ್ಲಿ ಅಂಥ ಒಂದೇ ಮಗುವಿದ್ದರೂ ಗೋಧಿ ಉಪ್ಪಿಟ್ಟಿನ ದಿನ ಅದಕ್ಕೆ ಬೇರೆ ತಟ್ಟೆ ಬರಬೇಕು, ಬರಿಯ ಬಾಳೆಹಣ್ಣಲ್ಲ. ಮನೆಯಲ್ಲಿ ಎಲ್ಲರದೂ ಆದ ಮೇಲೆ ತಳದ್ದನ್ನು ಬಳಿದು ಉಣ್ಣುವ ಹೆಂಗಸಿಗೆ 'ಕಡಿಮೆ ತಿನ್ನು' ಎಂದು ಹೇಳುವ ಮೊದಲು, ಅವಳು ಏನು ಉಂಡಳೆಂದು ಒಂದು ದಿನವಾದರೂ ನೋಡಬೇಕು.

ಕೊನೆಯ ಮಾತು ಪಥ್ಯ ಬರೆಯುವವರಿಗೆ. ಗೋಧಿಗೆ ಗೀಟು ಎಳೆಯಿರಿ, ನಿಮಗೆ ಆ ಅಧಿಕಾರವಿದೆ. ಎಳೆದ ಮೇಲೆ ಅದರ ಪಕ್ಕದಲ್ಲಿ ಮುದ್ದೆ ಎಂದು ಬರೆಯಿರಿ, ಎಷ್ಟು ಗ್ರಾಂ ಎಂದು ಬರೆಯಿರಿ, ಅದಕ್ಕೆ ಯಾವ ಸಾರು ಎಂದೂ ಬರೆಯಿರಿ. ಬರೆಯಲು ಬಾರದಿದ್ದರೆ ಪೆನ್ನು ಕೆಳಗಿಡಿ.